ಕಂಪ್ಯೂಟರ್ ಮೇಡಂ ಸರ್ವರ್ ನಿಲ್ಲಿಸಿದ ದಿನ

ಹೋದ ತಿಂಗಳು ಕೊಟ್ಟೂರಿನಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದೆ. ಅವರು ಹತ್ತಿಯ ಉಂಡೆಗೆ ಲವಂಗದ ಎಣ್ಣೆ ಹಚ್ಚಿ ದವಡೆಯ ಮೂಲೆಗೆ ಒತ್ತಿದರು. ಹಲ್ಲು ಇನ್ನೂ ಕಿತ್ತಿರಲಿಲ್ಲ, ನೋವೂ ಅಂಥದ್ದೇನಿರಲಿಲ್ಲ. ಆದರೂ ಆ ವಾಸನೆ ಮೂಗಿಗೆ ಹೊಕ್ಕಿದ್ದೇ ತಡ ಅಂಗೈ ಬೆವೆತಿತು. ಡಾಕ್ಟರು ನಾನು ಇಕ್ಕಳ ನೋಡಿ ಹೆದರಿದ್ದೇನೆ ಅಂದುಕೊಂಡು ಸಮಾಧಾನ ಹೇಳಿದರು. ನನಗೆ ಅವರ ಮಾತು ಕೇಳಿಸುತ್ತಲೇ ಇರಲಿಲ್ಲ. ನಾನಾಗಲೇ ಹರಪನಹಳ್ಳಿಯ ಒಂದು ಆಸ್ಪತ್ರೆಯಲ್ಲಿದ್ದೆ, ಮೆಟ್ಟಿಲ ಕೆಳಗಿನ ಆ ತಣ್ಣನೆಯ ಕೋಣೆಯಲ್ಲಿ... ಪಕ್ಕದಲ್ಲಿ ಲವಂಗ ಅಗಿಯುತ್ತ ಒಬ್ಬ ಹೆಂಗಸು ಪರದೆಯನ್ನೇ ನೋಡುತ್ತ ಕೂತಿದ್ದರು.

ಇಡೀ ಆಸ್ಪತ್ರೆ ಅವರನ್ನು ಕಂಪ್ಯೂಟರ್ ಮೇಡಂ ಎಂದೇ ಕರೆಯುತ್ತಿತ್ತು. ನಾನೂ ಹಾಗೇ ಕರೆದೆ, ಕೊನೆಯವರೆಗೂ.

ಆಗ ನಾನು ಬಿಸಿಎ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ನಮ್ಮದು ಎಚ್.ಬಿ. ಹಳ್ಳಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ವಾಪಸು. ಆಸ್ಪತ್ರೆ ಇದ್ದದ್ದು ಹರಪನಹಳ್ಳಿಯಲ್ಲಾದರೂ ಕೂಡ್ಲಿಗಿ, ಕೊಟ್ಟೂರು, ನಮ್ಮೂರು, ಹಡಗಲಿ ಈ ನಾಲ್ಕೂ ಕಡೆ ಅದರ ಸಣ್ಣ ಸಣ್ಣ ಕೇಂದ್ರಗಳಿದ್ದವು. ಅಲ್ಲಿ ಒಬ್ಬ ಡಾಕ್ಟರು ಕೂರುತ್ತಿದ್ದರು, ರಕ್ತ ತೆಗೆಯುತ್ತಿದ್ದರು. ರಕ್ತ ಮಾತ್ರ ಐಸಿನ ಡಬ್ಬಿಯಲ್ಲಿ ವ್ಯಾನ್ ಹತ್ತಿ ಹರಪನಹಳ್ಳಿಯ ಲ್ಯಾಬಿಗೆ ಬರುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ರಿಪೋರ್ಟು ಕಂಪ್ಯೂಟರಿನಲ್ಲಿ ವಾಪಸು ಹೋಗುತ್ತಿತ್ತು. ಅಲ್ಲಿಯ ಕೌಂಟರಿನವರು ರೋಗಿಯ ನಂಬರು ಒತ್ತಿದರೆ ಸಾಕು, ರಿಪೋರ್ಟು ಪ್ರಿಂಟಾಗಿ ಕೈಗೆ ಬರುತ್ತಿತ್ತು. ಐದೂ ಊರಿನ ಕೌಂಟರುಗಳು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದುದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಗುಂಯ್‌ಗುಡುತ್ತಿದ್ದ ಒಂದೇ ಯಂತ್ರ. ಅದರೊಳಗೆ ಹಗಲೂ ರಾತ್ರಿ ಓಡುವ ಪ್ರೋಗ್ರಾಮಿಗೆ ಅಪ್ಲಿಕೇಶನ್ ಸರ್ವರ್ ಎನ್ನುತ್ತಾರೆ. ಅದನ್ನು ಕಟ್ಟಿದವರೂ ಕಾಯುತ್ತಿದ್ದವರೂ ಮೇಡಮ್ಮೇ.

ನಲವತ್ತು ದಾಟಿದ, ಸಣಕಲು ಮೈಯ ಹೆಂಗಸು. ಕೋಣೆಯ ಏಸಿಗೆ ಬೇಸಿಗೆಯಲ್ಲೂ ಸೀರೆ ಮೇಲೆ ಕಂದು ಬಣ್ಣದ ಸ್ವೆಟರ್. ಹೊಳಲಿನ ಕಡೆಯವರು. ಗಂಡ ಹಡಗಲಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಮೇಡಂ ವಾರವೆಲ್ಲ ಹರಪನಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಸಂಜೆ ಊರಿಗೆ ಹೋಗುತ್ತಿದ್ದರು. ಸ್ವಭಾವದಲ್ಲಿ ಬಹಳ ಪುಕ್ಕಲು. ಫೋನು ಜೋರಾಗಿ ರಿಂಗಾದರೆ ಬೆಚ್ಚುತ್ತಿದ್ದರು, ಬೀಗ ಹಾಕಿ ಬಂದ ಮೇಲೆ ತಿರುಗಿ ಹೋಗಿ ಜಗ್ಗಿ ನೋಡುತ್ತಿದ್ದರು. ಹೆದರಿಕೆಯಾದಾಗಲೆಲ್ಲ ಅವರಿಗೆ ವಾಂತಿ ಬರುವ ಹಾಗಾಗುತ್ತಿತ್ತಂತೆ. ಅದಕ್ಕೇ ಪರ್ಸಿನಲ್ಲಿ ಒಂದು ಸಣ್ಣ ಡಬ್ಬಿ, ಅದರ ತುಂಬ ಲವಂಗ. ವಾರ್ಡಿನ ಹುಡುಗರು ಹಿಂದಿನಿಂದ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ನಾನೂ ಅದೇ ಜಾತಿಯವಳು. ಸರ್ವರಿನ ಕೋಣೆಗೆ ಮೊದಲ ಸಲ ಕಾಲಿಟ್ಟಾಗ, ಏನು ಮುಟ್ಟಿದರೆ ಏನು ಕೆಟ್ಟೀತೋ ಎಂದು ಕೈ ಕಟ್ಟಿಕೊಂಡೇ ನಿಂತಿದ್ದೆ.

ನನಗೆ ಕೆಲಸ ಕಲಿಸಿದವರು ಅವರು. ನಮ್ಮಲ್ಲಿ ಅಭ್ಯಾಸಕ್ಕೆಂದೇ ಇನ್ನೊಂದು ಹಳೆಯ ಯಂತ್ರವಿತ್ತು. ಅದರಲ್ಲಿ ನಿಜವಾದ ರೋಗಿಗಳಿಲ್ಲ, ಸುಮ್ಮನೆ ತುಂಬಿಟ್ಟ ಹೆಸರುಗಳು. ಅಲ್ಲಿ ಒಂದು ಮಧ್ಯಾಹ್ನ ಸರ್ವರನ್ನು ಡಿಬಗ್ ಮೋಡಿನಲ್ಲಿ, ಅಂದರೆ ತಪ್ಪು ಹುಡುಕುವ ರೀತಿಯಲ್ಲಿ, ಏಳಿಸುವುದು ಹೇಗೆಂದು ತೋರಿಸಿದರು. ಶುರು ಮಾಡುವ ಆಜ್ಞೆಗೆ ಇನ್ನೊಂದು ಸಾಲು ಸೇರಿಸಬೇಕು. ಆಗ ಅದು ಎಂದಿನಂತೆ ಎದ್ದರೂ ಪಕ್ಕದಲ್ಲೊಂದು ಕಿರುಬಾಗಿಲು ತೆರೆದಿಟ್ಟುಕೊಂಡಿರುತ್ತದೆ. ನಮ್ಮ ಕಂಪ್ಯೂಟರಿನಿಂದ ಆ ಬಾಗಿಲಲ್ಲಿ ಹೊಕ್ಕು, ಪ್ರೋಗ್ರಾಮಿನ ಯಾವ ಸಾಲಿನ ಮೇಲೆ ಸಂಶಯವೋ ಅದರ ಎದುರು ಒಂದು ಕೆಂಪು ಚುಕ್ಕೆ ಇಡಬೇಕು. ಓಡುತ್ತ ಓಡುತ್ತ ಆ ಸಾಲಿಗೆ ಬಂದ ಕೂಡಲೇ ಕೆಲಸ ಗಕ್ಕನೆ ನಿಲ್ಲುತ್ತದೆ. ನಾವು ಹೋಗು ಅನ್ನುವವರೆಗೂ ನಿಂತೇ ಇರುತ್ತದೆ. ಅಷ್ಟರಲ್ಲಿ ಅದರ ಕೈಯಲ್ಲಿ ಏನಿದೆ, ಯಾರ ಹೆಸರಿದೆ, ಯಾವ ಅಂಕಿಯಿದೆ ಎಲ್ಲ ನೋಡಬಹುದು. ನನಗೆ ಅದು ಮಕ್ಕಳ ಆಟದ ಹಾಗೆ ಕಂಡು ಖುಷಿಯಾಯಿತು. ಮೇಡಂ ಮಾತ್ರ ನಗಲಿಲ್ಲ.

"ಇದನ್ನ ಈ ಹಳೇ ಮಷಿನ್ನಿನ್ಯಾಗ ಏನರ ಮಾಡ್ಕೋ. ಲೈವ್ ಸರ್ವರ್ ಮ್ಯಾಲ ಮಾತ್ರ ಮಾಡಬ್ಯಾಡವಾ. ಇಲ್ಲಿ ನೀನು ನಿಲ್ಲಿಸಿದ್ರ ಕೂಡ್ಲಿಗ್ಯಾಗ ಯಾರೋ ಒಬ್ಬಾಕಿ ಕೂಸು ಎತ್ತಿಕೊಂಡು ಕೌಂಟರ್ ಮುಂದ ನಿಂತಿರತಾಳ."

ಅಂಥವರೇ ಒಂದು ಸೋಮವಾರ ಬೆಳಿಗ್ಗೆ, ಹೊರಗೆ ಹಾಲಿನ ತುಂಬ ರೋಗಿಗಳು ಚೀಟಿ ಹಿಡಿದು ಕೂತಿದ್ದಾಗ, ನಿಜವಾದ ರೋಗಿಗಳಿದ್ದ ಆ ಲೈವ್ ಸರ್ವರನ್ನೇ ಡಿಬಗ್ಗಿಗೆ ಹಾಕಿದರು.

ಅದು ಶುರುವಾದದ್ದು ನಗೆಯಿಂದ. ಚಿಗಟೇರಿ ಕಡೆಯ ಒಬ್ಬ ಅಜ್ಜ ಕೆಮ್ಮು, ಸುಸ್ತು ಎಂದು ವಾರ್ಡಿನಲ್ಲಿ ಮಲಗಿದ್ದ. ಬೆಳಿಗ್ಗೆ ಅವನ ಹೆಸರಿಗೆ ಬಂದ ರಿಪೋರ್ಟಿನಲ್ಲಿ ಬಸಿರು ನಿಂತಿದೆ ಎಂದಿತ್ತು. ನರ್ಸು ಓದಿ ಹೇಳಿದಾಗ ಅಜ್ಜನೇ ಮೊದಲು ನಕ್ಕನಂತೆ. ಈ ಸುದ್ದಿಯನ್ನು ಮನೆಯಾಕೆಗೆ ಯಾರು ಹೇಳುವುದು ಅಂದನಂತೆ. ವಾರ್ಡಿಗೆ ವಾರ್ಡೇ ನಕ್ಕಿತು. ನರ್ಸು ಆ ಕಾಗದವನ್ನು ನಮ್ಮ ಕೋಣೆಗೆ ತಂದು, ನಗು ತಡೆಯಲಾರದೆ ಬಾಗಿಲಿಗೆ ಒರಗಿ ನಿಂತಳು. ನಾನೂ ಜೋರಾಗಿ ನಕ್ಕುಬಿಟ್ಟೆ. ನಕ್ಕು ಮೇಡಂ ಕಡೆ ತಿರುಗಿದೆ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಒಂದು ಕೈಯಲ್ಲಿ ಕಾಗದ ಹಿಡಿದಿದ್ದರು. ಇನ್ನೊಂದು ಕೈ ಪರ್ಸಿನಲ್ಲಿ ಡಬ್ಬಿ ಹುಡುಕುತ್ತಿತ್ತು.

"ಇದು ಗಂಡಸಿನ ಹೆಸರಿಗೆ ಬಂತಂತ ನಮಗ ಗೊತ್ತಾತು," ಎಂದರು, ನರ್ಸಿಗೋ ನನಗೋ ತಮಗೋ ತಿಳಿಯದ ಹಾಗೆ. "ಸಕ್ಕರಿ ರಿಪೋರ್ಟು ಬದಲಾಗಿದ್ರ? ರಕ್ತದ್ದು ಬದಲಾಗಿದ್ರ? ಯಾರಿಗೆ ಗೊತ್ತಾಗತೈತಿ?"

ನಗು ಅಲ್ಲಿಗೇ ನಿಂತಿತು. ಸಕ್ಕರೆ ಎಲ್ಲರ ರಕ್ತದಲ್ಲೂ ಇರುತ್ತದೆ, ಅಂಕಿ ನೋಡಿ ಇದು ಯಾರದೆಂದು ಹೇಳಲಾಗುವುದಿಲ್ಲ. ಒಬ್ಬರ ಅಂಕಿ ನಂಬಿ ಇನ್ನೊಬ್ಬರಿಗೆ ಇನ್ಸುಲಿನ್ ಚುಚ್ಚಿದ್ದರೆ? ಕಾಯಿಲೆ ಇದ್ದವರಿಗೆ ಏನೂ ಇಲ್ಲವೆಂದು ಮನೆಗೆ ಕಳಿಸಿದ್ದರೆ? ನನ್ನ ಕಣ್ಣಿಗೆ ಮೊದಲು ಕಂಡದ್ದು ನಮ್ಮವ್ವ. ನಮ್ಮೂರಿನ ಕೇಂದ್ರದಲ್ಲೇ ಅವಳೂ ಸಕ್ಕರೆ ಪರೀಕ್ಷೆ ಮಾಡಿಸುತ್ತಿದ್ದಳು... ಹೋದ ವಾರವೋ ಅದರ ಹಿಂದಿನ ವಾರವೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮೇಡಂ ಮೊದಲು ಮಾಡಿದ್ದು ಫೋನು. ಐದೂ ಕೌಂಟರುಗಳಿಗೆ, ಈಗಿಂದೀಗ ಯಾರಿಗೂ ಕಂಪ್ಯೂಟರ್ ರಿಪೋರ್ಟು ಕೊಡಬೇಡಿ ಎಂದರು. ಲ್ಯಾಬಿನವರು ಯಂತ್ರದಲ್ಲಿ ಬಂದದ್ದನ್ನು ನೋಡಿ ಡಾಕ್ಟರಿಗೆ ನೇರ ಫೋನಿನಲ್ಲಿ ಓದಿ ಹೇಳಲಿ ಎಂದರು. ಆಮೇಲೆ ಹಳೆಯ ಯಂತ್ರದಲ್ಲಿ ಪರೀಕ್ಷಿಸಿ ನೋಡಿದೆವು. ಅಲ್ಲಿ ಎಲ್ಲ ಸರಿಯಾಗಿಯೇ ಬಂತು. ಲೈವ್ ಸರ್ವರಿನಲ್ಲಿದ್ದ ಕೆಲವು ಭಾಗಗಳು ಹಳೆಯದರಲ್ಲಿ ಇರಲೇ ಇಲ್ಲ. ರೋಗ ಇದ್ದಲ್ಲೇ ಹುಡುಕಬೇಕಿತ್ತು.

ಅಷ್ಟರಲ್ಲಿ ಮ್ಯಾನೇಜರ್ ಸಾಹೇಬರು ಬಂದರು. ಹೊರಗೆ ಜನ ಗಲಾಟೆ ಮಾಡುತ್ತಿದ್ದರು. ಶನಿವಾರ ಹೊಸದೇನೋ ಹಾಕಿದಿರಂತಲ್ಲ, ಅದನ್ನು ತೆಗೆದು ಹಳೆಯದನ್ನೇ ಹಾಕಿ ಬೇಗ ಶುರು ಮಾಡಿ ಎಂದರು. ಅವರ ಮಾತೂ ತಪ್ಪಲ್ಲ. ರಿಪೋರ್ಟು ನಿಧಾನ ಬರುತ್ತದೆಂದು ಕೇಂದ್ರಗಳವರು ದೂರುತ್ತಿದ್ದರಿಂದ, ಬೇಗ ಬರಲೆಂದು ಮೇಡಂ ಶನಿವಾರ ಊರಿಗೆ ಹೊರಡುವ ಮೊದಲು ಪ್ರೋಗ್ರಾಮಿನಲ್ಲಿ ಸ್ವಲ್ಪ ಬದಲಾಯಿಸಿದ್ದರು.

"ಹಳೇದು ಹಾಕಿದ್ರ ಇವತ್ತಿಂದು ನಿಲ್ಲಬಹುದು ಸರ್. ಆದ್ರ ತಪ್ಪು ಶನಿವಾರದ್ದೋ, ಮೂರು ವರ್ಷದಿಂದ ಐತೋ ನನಗ ಗೊತ್ತಿಲ್ಲ. ಗೊತ್ತಾಗದ ಹೊರತು ಯಾರನ್ನ ಹುಡುಕಿಕೊಂಡು ಹೋಗಲಿ?"

ಆ ಪ್ರೋಗ್ರಾಮು ಶುರುವಾಗಿ ಮೂರು ವರ್ಷವಾಗಿತ್ತು. ಸಾಹೇಬರು ಜನರನ್ನು ಸಮಾಧಾನ ಮಾಡಲು ಹೊರಗೆ ಹೋದರು. ಮೇಡಂ ಸರ್ವರನ್ನು ನಿಲ್ಲಿಸಿದರು.

ಆ ನಿಮಿಷ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಪರದೆಯ ಮೇಲೆ ಓಡುತ್ತಿದ್ದ ಸಾಲುಗಳು ಒಮ್ಮೆಲೇ ನಿಂತವು. ಹೊರಗೆ ಹಾಲಿನಲ್ಲಿ ಟೋಕನ್ ಕೂಗುತ್ತಿದ್ದ ಯಂತ್ರದ ದನಿ ಅರ್ಧಕ್ಕೆ ಕಡಿಯಿತು. ಗಜಿಬಿಜಿ ಎದ್ದಿತು. ಯಾರೋ ನಮ್ಮ ಬಾಗಿಲು ಬಡಿದರು. ಮೇಡಂ ಆ ಇನ್ನೊಂದು ಸಾಲು ಸೇರಿಸಿ ಸರ್ವರನ್ನು ಮತ್ತೆ ಏಳಿಸಿದರು. ಕಿರುಬಾಗಿಲು ತೆರೆದು ಕಾಯುತ್ತಿದ್ದೇನೆ ಎಂಬ ಒಂದು ಸಾಲು ಪರದೆಯ ಮೇಲೆ ಬಂತು. ಸುಮಾರು ಹೊತ್ತು ಅಷ್ಟೇ. ಇನ್ನು ಏಳುವುದೇ ಇಲ್ಲವೇನೋ ಅನ್ನಿಸಿತು. ಮೇಡಂ ಲವಂಗ ಅಗಿಯುತ್ತಲೇ ಇದ್ದರು. ಕೋಣೆಯೆಲ್ಲ ಅದೇ ವಾಸನೆ.

ಕೊನೆಗೂ ಅದು ಎದ್ದಿತು. ಮೇಡಂ ರಿಪೋರ್ಟು ಕಳಿಸುವ ಸಾಲಿನ ಎದುರು ಕೆಂಪು ಚುಕ್ಕೆ ಇಟ್ಟು, ಇಬ್ಬರು ಸುಳ್ಳು ರೋಗಿಗಳನ್ನು ಸೃಷ್ಟಿಸಿದರು. ಒಂದು ಅವರ ಹೆಸರು, ಇನ್ನೊಂದು ನನ್ನದು. ಅವರಿಗೆ ರಕ್ತ ತೀರಾ ಕಡಿಮೆ, ನನಗೆ ಸರಿಯಾಗಿದೆ ಎಂದು ಅಂಕಿ ತುಂಬಿದರು. ನಾನು ಎರಡೂ ಕಿವಿಗೆ ಎರಡು ಫೋನು ಹಿಡಿದೆ, ಒಂದರಲ್ಲಿ ಹಡಗಲಿಯ ಕೌಂಟರು, ಇನ್ನೊಂದರಲ್ಲಿ ಕೂಡ್ಲಿಗಿಯದು. ಮೊದಲು ಹಡಗಲಿಯವಳಿಗೆ ನನ್ನ ನಂಬರು ಒತ್ತಲು ಹೇಳಿದೆ. ಅವಳು ಒತ್ತಿದಳು. ಕೆಂಪು ಚುಕ್ಕೆಯ ಸಾಲಿನಲ್ಲಿ ಅದು ಬಂದು ನಿಂತಿತು. ಮೇಡಂ ಅದರ ಕೈಯೊಳಗಿದ್ದುದನ್ನು ತೆರೆದು ತೋರಿಸಿದರು. ನನ್ನ ಹೆಸರು, ನನ್ನ ಅಂಕಿ. ಸರಿಯಿತ್ತು. ಅದನ್ನು ಹಾಗೇ ನಿಲ್ಲಿಸಿಕೊಂಡು ಕೂಡ್ಲಿಗಿಯವನಿಗೆ ಮೇಡಂ ನಂಬರು ಒತ್ತಲು ಹೇಳಿದೆ.

ನನ್ನ ರಿಪೋರ್ಟು ನಿಂತ ಜಾಗ ಬಿಟ್ಟು ಕದಲಿರಲಿಲ್ಲ. ಆದರೆ ನಾವು ನೋಡುತ್ತಿದ್ದ ಹಾಗೆಯೇ ಅದರೊಳಗಿನ ಅಂಕಿಗಳು ಬದಲಾದವು. ಮೇಲೆ ನನ್ನ ಹೆಸರು ಹಾಗೇ ಇತ್ತು. ಕೆಳಗೆ ಮೇಡಂ ರಕ್ತ ಬಂದು ಕೂತಿತ್ತು.

ಯಾರೂ ಮುಟ್ಟದೆ, ಸದ್ದಿಲ್ಲದೆ, ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರು... ಶನಿವಾರದಿಂದ ಹೀಗೆ ಎಷ್ಟು ಸಲ ಆಗಿರಬಹುದು? ಇಬ್ಬರು ಒಂದೇ ಕ್ಷಣಕ್ಕೆ ಕೇಳಿದಾಗೆಲ್ಲ, ಅವರವರ ಪಾತ್ರೆಯಲ್ಲಿ ಇಡಬೇಕಾದ್ದನ್ನು ಪ್ರೋಗ್ರಾಮು ಇಬ್ಬರಿಗೂ ಒಂದೇ ಪಾತ್ರೆಯಲ್ಲಿ ಸುರಿಯುತ್ತಿತ್ತು. ಆ ಒಂದೇ ಪಾತ್ರೆಯ ಸಾಲು ಶನಿವಾರ ಬರೆದದ್ದು. ಮೇಡಂ ಬರೆದದ್ದು.

ಅವರು ಕೋಣೆಯ ಮೂಲೆಯಲ್ಲಿದ್ದ ಕಸದ ಬುಟ್ಟಿಯ ಹತ್ತಿರ ಹೋಗಿ ಬಗ್ಗಿ ವಾಂತಿ ಮಾಡಿದರು. ಮುಖ ತೊಳೆದು ಬಂದು, ಬದಲಾವಣೆ ತೆಗೆದು, ಸರ್ವರನ್ನು ಎಂದಿನಂತೆ ಏಳಿಸಿದರು. ನೇರ ಸಾಹೇಬರ ಕೋಣೆಗೆ ಹೋಗಿ, ಶನಿವಾರ ಸಂಜೆಯಿಂದ ಆದದ್ದು, ಬರೆದವಳು ನಾನು ಎಂದು ಹೇಳಿ ವಾಪಸು ಬಂದರು. ಹಿಂದಿನದೆಲ್ಲ ಸರಿಯಿತ್ತೆಂಬ ಸಮಾಧಾನ ಒಂದು ಕಡೆ. ನಮ್ಮವ್ವನ ರಿಪೋರ್ಟು ಹಿಂದಿನದೇ ಎಂದು ಗೊತ್ತಾದಾಗ ನನಗೆ ಅಳು ಬಂತು. ಅದರ ಹಿಂದೆಯೇ ನಾಚಿಕೆಯೂ ಬಂತು.

ಲ್ಯಾಬಿನ ಯಂತ್ರದಲ್ಲಿ ನಿಜವಾದ ಅಂಕಿಗಳು ಉಳಿದಿದ್ದವು. ಅವುಗಳನ್ನೂ ಕೌಂಟರಿನಿಂದ ಹೋದ ರಿಪೋರ್ಟುಗಳನ್ನೂ ಒಂದೊಂದಾಗಿ ಹೋಲಿಸಿದೆವು. ಸಿಕ್ಕಿದ ಒಬ್ಬೊಬ್ಬರಿಗೂ ಫೋನು. ಹೆಚ್ಚಿನವು ಅಪಾಯವಿಲ್ಲದವು. ಅಜ್ಜನ ಹೆಸರಿಗೆ ಬಂದಿದ್ದ ಬಸಿರು ಕೊಟ್ಟೂರಿನ ಒಬ್ಬ ಹೆಂಗಸಿನದು. ಫೋನಿನಲ್ಲಿ ಹೇಳಿದಾಗ ಆಕೆ ನಂಬಲಾರದೆ ಮತ್ತೆ ಮತ್ತೆ ಕೇಳಿ, ಕೊನೆಗೆ ಅತ್ತಳು. ಅದೊಂದೇ ಆ ದಿನದ ಒಳ್ಳೆಯ ಫೋನು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಸಿಕ್ಕಿದ್ದರು, ಒಬ್ಬಳನ್ನು ಬಿಟ್ಟು.

ಅವಳು ಮಾಗಳದವಳು, ಇನ್ನೂ ಎಳೆ ವಯಸ್ಸು. ಜ್ವರವೆಂದು ಹಡಗಲಿ ಕೇಂದ್ರಕ್ಕೆ ಬಂದಿದ್ದಳು. ಭಾನುವಾರ ಅವಳ ಕೈಗೆ ಬಂದ ರಿಪೋರ್ಟಿನಲ್ಲಿ ಎಲ್ಲ ಸರಿಯಿತ್ತು. ಡಾಕ್ಟರು ಮಾತ್ರೆ ಕೊಟ್ಟು ಕಳಿಸಿದ್ದರು. ಅವಳದೇ ನಿಜವಾದ ಅಂಕಿಯಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು, ಭಾನುವಾರವೇ ಬಹಳ ಕೆಳಗಿಳಿದಿದ್ದವು. ಡೆಂಗಿ. ಅವರ ಮನೆಯ ಫೋನು ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ.

ಹಡಗಲಿ ಕೇಂದ್ರದವರನ್ನೇ ಕಳಿಸೋಣ ಎಂದರು ಸಾಹೇಬರು. ಅವರೂ ಹೋಗಲಿ, ನಾನೂ ಹೋಗುತ್ತೇನೆ ಎಂದರು ಮೇಡಂ. ಹೊರಡುವಾಗ ಸಾಹೇಬರು ನಮ್ಮನ್ನು ಬಾಗಿಲ ಹತ್ತಿರ ನಿಲ್ಲಿಸಿ, ರೋಗಿಯ ಕಡೆಯವರ ಮುಂದೆ ಕಂಪ್ಯೂಟರು, ತಪ್ಪು ಎಂದೆಲ್ಲ ಮಾತು ಬೇಡ, ಮತ್ತೊಮ್ಮೆ ಪರೀಕ್ಷೆ ಮಾಡಬೇಕಿದೆ ಅಂದರೆ ಸಾಕು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಮೇಡಂ ತಲೆ ಬಗ್ಗಿಸಿಕೊಂಡೇ ಹೊರಟರು. ನಾನು ಅವರ ಹಿಂದೆ ಹೋಗಿ ರಕ್ತ ತರುವ ವ್ಯಾನ್ ಹತ್ತಿದೆ. ಯಾಕೆ ಹತ್ತಿದೆನೋ ಗೊತ್ತಿಲ್ಲ. ಯಾರೂ ಕರೆದಿರಲಿಲ್ಲ.

ದಾರಿಯಲ್ಲಿ ಖಾಲಿ ಐಸ್ ಡಬ್ಬಿಗಳು ಹಿಂದೆ ಒಂದಕ್ಕೊಂದು ಬಡಿಯುತ್ತಿದ್ದವು. ಎರಡೂ ಕಡೆ ಮೆಕ್ಕೆಜೋಳದ ಹೊಲ, ರಸ್ತೆಯ ಮೇಲೆ ಕುರಿಗಳು. ಡ್ರೈವರ್ ಹಾರ್ನ್ ಒತ್ತಿದಾಗೆಲ್ಲ ಮೇಡಂ ಬೆಚ್ಚುತ್ತಿದ್ದರು. ನಾನು ಆ ಫೋನಿಗೆ ಕರೆ ಮಾಡುತ್ತಲೇ ಇದ್ದೆ. ಒಂದು ಸಲ ಮೇಡಂ, "ಆಕಿಗೆ ಏನರ ಆಗಿದ್ರ..." ಎಂದು ಶುರು ಮಾಡಿ ಮುಗಿಸಲಿಲ್ಲ. ನಾನು ಮತ್ತೆ ಅದೇ ನಂಬರು ಒತ್ತಿ ಕಿಟಕಿಯಿಂದ ಹೊರಗೆ ನೋಡಿದೆ.

ಮಾಗಳದಲ್ಲಿ ಮನೆಗೆ ಬೀಗ. ಹಡಗಲಿ ಕೇಂದ್ರದವರು ಇನ್ನೂ ಬಂದಿರಲಿಲ್ಲ. ಪಕ್ಕದ ಮನೆಯ ಹೆಂಗಸು ಮೊರ ಕೆಳಗಿಟ್ಟು ಎದ್ದು ಬಂದಳು. ನಮ್ಮನ್ನು ನೋಡಿ ಸಂಬಂಧಿಕರೆಂದುಕೊಂಡಳೇನೋ. "ಮುಂಜಾನಿಂದ ಮೂಗಿನ್ಯಾಗ ರಕ್ತ ಬರಾಕ ಹತ್ತಿತ್ತವಾ, ನಿಲ್ಲಲೇ ಇಲ್ಲ. ಆಟೋದಾಗ ಹಡಗಲಿಗೆ ಕರಕೊಂಡು ಹೋಗ್ಯಾರ. ಫೋನು ಮನ್ಯಾಗ ಬಿಟ್ಟು ಹೋಗ್ಯಾರ ನೋಡು, ಒಳಗ ಬಡಕೊಳ್ಳಾಕತ್ತೈತಿ" ಎಂದಳು. ಹೌದು, ಬೀಗ ಹಾಕಿದ ಬಾಗಿಲ ಹಿಂದೆ ಫೋನು ರಿಂಗಾಗುತ್ತಿತ್ತು. ಕರೆ ಮಾಡುತ್ತಿದ್ದವಳು ನಾನೇ. ಕೈಯಲ್ಲಿದ್ದ ಫೋನು ಕಟ್ ಮಾಡಿದೆ, ಒಳಗೆ ಸದ್ದು ನಿಂತಿತು. ಅಂಗಳದ ಕಲ್ಲಿನ ಮೇಲೆ ನೀರು ಹಾಕಿ ತೊಳೆದ ಗುರುತಿತ್ತು. ಅಂಚಿನಲ್ಲಿ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು... ಮೇಡಂ ಅದನ್ನು ನೋಡಿದರು.

ಹಡಗಲಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಅವಳು ಸಿಕ್ಕಳು. ಬದುಕಿದ್ದಳು. ಮೂಗಿಗೆ ಹತ್ತಿ ತುರುಕಿದ್ದರು, ಕಣ್ಣು ಅರ್ಧ ಮುಚ್ಚಿದ್ದವು. ಪಕ್ಕದಲ್ಲಿ ಅತ್ತೆ. ಗಂಡ ಔಷಧಿ ತರಲು ಓಡಿದ್ದ. ಅಲ್ಲಿಯ ಡಾಕ್ಟರು ಒಂದು ಕೈಯಲ್ಲಿ ಇವತ್ತಿನ ಅಂಕಿ, ಇನ್ನೊಂದು ಕೈಯಲ್ಲಿ ನಾವು ಕೊಟ್ಟಿದ್ದ ನಿನ್ನೆಯ ರಿಪೋರ್ಟು ಹಿಡಿದು ನಿಂತಿದ್ದರು. ಒಂದೇ ದಿನಕ್ಕೆ ಇಷ್ಟು ಹೇಗೆ ಇಳಿದೀತು ಎಂದು ಅನುಮಾನ ಬಂದು ಮತ್ತೊಮ್ಮೆ ರಕ್ತ ತೆಗೆಸಿದ್ದರು. ಅದು ಬರುವುದನ್ನು ಕಾಯುತ್ತಿದ್ದರು.

ಮೇಡಂ ನೇರ ಅವರ ಹತ್ತಿರ ಹೋದರು. ನಿನ್ನೆಯದು ಇವಳದಲ್ಲ, ಇವಳದು ನಿನ್ನೆಯೇ ಇಷ್ಟಿತ್ತು ಎಂದು ನಿಜವಾದ ಅಂಕಿ ಹೇಳಿದರು. ಡಾಕ್ಟರು, ಇನ್ನು ಕಾಯುವುದು ಬೇಡ, ಈಗಲೇ ದಾವಣಗೆರೆಗೆ ಒಯ್ಯಬೇಕು ಎಂದು ಆಂಬುಲೆನ್ಸಿಗೆ ಹೇಳಲು ಒಳಗೆ ಹೋದರು.

ಅಷ್ಟು ಸಾಕಿತ್ತು. ನಾನು ಮೇಡಂ ಸ್ವೆಟರಿನ ತುದಿ ಹಿಡಿದು ಹಿಂದಕ್ಕೆ ಎಳೆದದ್ದು ನೆನಪಿದೆ. ಅವರು ಬಿಡಿಸಿಕೊಂಡು ಅತ್ತೆಯ ಮುಂದೆ ಹೋಗಿ ನಿಂತರು. ನಿಮ್ಮ ಸೊಸೆಗೆ ಕೊಟ್ಟ ರಿಪೋರ್ಟು ಬೇರೆಯವರದು ಎಂದರು. ಅತ್ತೆಗೆ ಕಿವಿ ಮಂದ. ಹಾಂ, ಎಂದು ಕಿವಿ ಮುಂದೆ ಮಾಡಿದಳು. ಮೇಡಂ ಇನ್ನಷ್ಟು ಜೋರಾಗಿ ಹೇಳಿದರು. ಮತ್ತೂ ಕೇಳಿಸಲಿಲ್ಲ. ಎಂದೂ ದನಿ ಏರಿಸದ ಆ ಹೆಂಗಸು ಆಸ್ಪತ್ರೆಯ ವರಾಂಡ ತುಂಬ ಕೇಳುವಂತೆ ಕೂಗಿ ಹೇಳಬೇಕಾಯಿತು.

"ಅಮ್ಮಾ, ನಿಮ್ಮ ಸೊಸಿಗೆ ತಪ್ಪು ರಿಪೋರ್ಟು ಹೋತು. ತಪ್ಪು ಮಾಡಿದಾಕಿ ನಾನ."

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಇಬ್ಬರು ಎದ್ದು ನಿಂತರು. ಈಗ ಹೊಡೆಯುತ್ತಾರೆ ಎಂದು ನಾನು ಗೋಡೆಗೆ ಅಂಟಿಕೊಂಡೆ. ಮುದುಕಿ ಮೇಡಮ್ಮನ್ನು ಮೇಲಿಂದ ಕೆಳಗೆ ನೋಡಿದಳು. ಕೈಯಲ್ಲಿದ್ದ ರಕ್ತದ ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅದನ್ನ ಆಮ್ಯಾಲೆ ನೋಡೂಣು. ಈಗ ಈಕಿಗೆ ರಕ್ತ ಕೊಡಾಕ ಮಂದಿ ಬೇಕಂತ. ಅವರನ್ನ ಕರಕೊಂಬಾ."

ಮೇಡಂ ಅಲ್ಲೇ ನೆಲದ ಮೇಲೆ ಕೂತು ಫೋನು ಹಚ್ಚಿದರು. ಬೆಳಿಗ್ಗೆ ನಿಲ್ಲಿಸಿರಿ ಎಂದು ಹೇಳಿದ್ದ ಅದೇ ಐದು ಕೌಂಟರುಗಳಿಗೆ. ಕೂಡ್ಲಿಗಿಯಿಂದ ಒಬ್ಬ, ಕೊಟ್ಟೂರಿನಿಂದ ಇಬ್ಬರು ಅಣ್ಣ ತಮ್ಮಂದಿರು, ಹರಪನಹಳ್ಳಿಯಿಂದ ನಮ್ಮ ನರ್ಸಿನ ಗಂಡ... ಎಲ್ಲರೂ ದಾವಣಗೆರೆಗೆ ಹೊರಟರು. ಆಂಬುಲೆನ್ಸಿನ ಹಿಂದೆ ಅವಳ ಜತೆ ಅತ್ತೆ ಮತ್ತು ಮೇಡಂ ಕೂತರು. ನಾನು ಮುಂದೆ ಡ್ರೈವರಿನ ಪಕ್ಕ. ಗಂಡ ನಮ್ಮ ವ್ಯಾನಿನಲ್ಲಿ ಹಿಂದೆ ಬಂದ. ದಾರಿಯುದ್ದಕ್ಕೂ ಸೈರನ್ ಕಿವಿಯೊಳಗೇ ಕೂಗುತ್ತಿತ್ತು. ಎದುರಿನ ಲಾರಿಗಳು ಸರಿಯುವಷ್ಟರಲ್ಲಿ ಜೀವ ಬಾಯಿಗೆ ಬರುತ್ತಿತ್ತು. ಹಿಂತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ. ನೋಡಿದಾಗ ಅವಳ ಮುಖದ ಮೇಲೆ ಬಟ್ಟೆ ಎಳೆದಿದ್ದರೆ ಎಂಬ ಒಂದೇ ಯೋಚನೆ.

ಅವಳು ಉಳಿದಳು. ಒಂದೆರಡು ದಿನ ಏನೂ ಹೇಳಲಾಗದು ಅನ್ನುವ ಹಾಗಿತ್ತು, ಆಮೇಲೆ ಅಂಕಿ ಮೆಲ್ಲಗೆ ಏರತೊಡಗಿತು. ಅಲ್ಲಿಯವರೆಗೂ ಮೇಡಂ ದಾವಣಗೆರೆ ಬಿಟ್ಟು ಕದಲಲಿಲ್ಲ. ವಾಪಸು ಬಂದಾಗ ಆಡಳಿತದವರು ರಾಜೀನಾಮೆ ಕೇಳಿದರು. ಅವರು ಒಂದು ಮಾತೂ ಎದುರಾಡದೆ ಕೊಟ್ಟರು. ಅವರನ್ನು ಉಳಿಸಿಕೊಳ್ಳಿ ಎಂದು ನಾನು ಸಾಹೇಬರ ಹತ್ತಿರ ಹೋಗಿ ಕೇಳಿದೆ. ತಪ್ಪಿಗಿಂತ ಹೆಚ್ಚಾಗಿ, ವರಾಂಡದಲ್ಲಿ ಕೂಗಿ ಹೇಳಿದ್ದೇ ಆಡಳಿತದವರಿಗೆ ಸಹಿಸಲಾಗಿರಲಿಲ್ಲ ಎಂದು ಆಗ ತಿಳಿಯಿತು. ಕೊನೆಯ ದಿನ ಮೇಡಂ ಪ್ರೋಗ್ರಾಮಿನ ಒಂದೊಂದು ಭಾಗವನ್ನೂ ನನಗೆ ವಿವರಿಸಿ, ನನ್ನಿಂದ ತಿರುಗಿ ಹೇಳಿಸಿ, ಸಂಜೆ ಎಂದಿನ ಬಸ್ಸಿಗೇ ಹೋದರು.

ಆಮೇಲೆ ಅವರು ಎಲ್ಲೂ ಕೆಲಸಕ್ಕೆ ಸೇರಲಿಲ್ಲ. ಸರ್ವರು ತೊಂದರೆ ಕೊಟ್ಟಾಗ ನಾನು ಫೋನು ಮಾಡುತ್ತಿದ್ದೆ. ತಾಳ್ಮೆಯಿಂದ ಕೇಳಿ ಹೇಳಿಕೊಡುತ್ತಿದ್ದರು. ಒಂದು ಸಲ ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾಗಳದ ಆ ಹುಡುಗಿಯನ್ನು ನೋಡಿದಿರಾ ಎಂದೆ. ಹೋಗಬೇಕು ಅಂತಲೇ ಇದ್ದೇ‌ನೆ, ಕಾಲು ಬರುವುದಿಲ್ಲ ಎಂದರು. ಬಸ್ಸು ಬಂತು, ಮಾತು ಅಲ್ಲಿಗೇ ನಿಂತಿತು... ಹೋದ ವರ್ಷ ಯಾರದೋ ಫೋನಿನ ಸ್ಟೇಟಸ್ಸಿನಲ್ಲಿ ಹಾರ ಹಾಕಿದ ಅವರ ಫೋಟೋ ನೋಡಿದೆ. ಎದೆನೋವು ಎಂದು ಮಲಗಿದವರು ಏಳಲಿಲ್ಲವಂತೆ. ನನಗೆ ಗೊತ್ತಾಗುವಷ್ಟರಲ್ಲಿ ಮಣ್ಣು ಮುಗಿದು ದಿನಗಳೇ ಆಗಿದ್ದವು.

ಈಗ ಮೆಟ್ಟಿಲ ಕೆಳಗಿನ ಆ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಯಂತ್ರ ಹೊಸದು ಬಂದಿದೆ. ಭಯ ಮಾತ್ರ ಹಳೆಯದೇ.

ಹಲ್ಲು ಕೀಳಿಸಿಕೊಂಡು ಬಂದ ವಾರದಲ್ಲೇ ಹಡಗಲಿ ಕೇಂದ್ರದಲ್ಲಿ ಏನೋ ರಿಪೇರಿಗೆಂದು ಹೋಗಬೇಕಾಯಿತು. ಕೌಂಟರಿನ ಒಳಗೆ ಕೂತಿದ್ದಾಗ ಒಬ್ಬ ಹೆಂಗಸು ಮಗಳ ಕೈ ಹಿಡಿದು ಬಂದಳು. ಮಗುವಿಗೆ ಜ್ವರ, ಹಿಂದಿನ ದಿನ ಕೊಟ್ಟ ರಕ್ತದ ರಿಪೋರ್ಟಿಗೆ ಬಂದಿದ್ದಳು. ನನ್ನನ್ನೇ ದಿಟ್ಟಿಸಿ, ನೀವು ಆವತ್ತು ದಾವಣಗೆರೆ ಆಸ್ಪತ್ರೆಯಲ್ಲಿ ಇದ್ದಿರಲ್ಲ ಎಂದಳು. ಆಗ ಗುರುತು ಸಿಕ್ಕಿತು, ಮಾಗಳದವಳು. ಮೈ ತುಂಬಿಕೊಂಡಿದ್ದಳು, ದನಿಯೂ ಗಟ್ಟಿಯಾಗಿತ್ತು. ಆ ಸ್ವೆಟರ್ ಹಾಕಿದ ಅಕ್ಕ ಎಲ್ಲಿದ್ದಾರೆ ಎಂದು ಕೇಳಿದಳು. ಹೇಳಿದೆ. ಅವಳು ಬೆಂಚಿನ ಮೇಲೆ ಕೂತುಬಿಟ್ಟಳು.

ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, "ಆಂಬುಲೆನ್ಸಿನ್ಯಾಗ ಆ ಅಕ್ಕ ನನ್ನ ಕೈ ಹಿಡಕೊಂಡು ದಾರಿ ತುಂಬ ಏನೋ ಹೇಳಾಕತ್ತಿದ್ರು. ನನಗ ಎಚ್ಚರ ಬರೋದು, ಹೋಗೋದು. ನಮ್ಮತ್ತಿಗೆ ಕಿವಿ ಕೇಳಂಗಿಲ್ಲ. ಏನು ಹೇಳಿದ್ರಿ ಅಂತ ಒಮ್ಮಿ ಕೇಳಬೇಕಂತ ಇದ್ದೆ" ಎಂದಳು. ಆಮೇಲೆ ತಲೆ ಎತ್ತಿ, "ನೀವು ಮುಂದ ಕುಂತಿದ್ರಂತಲ್ರಿ. ನಿಮಗೇನರ ಕೇಳಿಸ್ತಾ?"

ಇಲ್ಲ ಎಂದೆ.

ಅವಳ ಮಗಳ ರಿಪೋರ್ಟು ಪ್ರಿಂಟಾಗಿ ಹೊರಗೆ ಬಂತು. ಅವಳು ಕೈ ಚಾಚಿದಳು. ನಾನು ಕೊಡದೆ, ಮೇಲಿನ ಹೆಸರು ಓದಿದೆ, ಕೆಳಗಿನ ಅಂಕಿ ಓದಿದೆ, ಲ್ಯಾಬಿಗೆ ಫೋನು ಮಾಡಿ ಅವರಿಂದಲೂ ಓದಿಸಿದೆ. ಅವಳು ಅವಸರ ಮಾಡಲಿಲ್ಲ. ಕೈ ಹಾಗೇ ಚಾಚಿಕೊಂಡು ನಿಂತಿದ್ದಳು.